ಎಡಗಡೆಯ ದೀಪ

ಜೀಪು ಮಾಳಪ್ಪನದು, ವ್ಯಾಪಾರ ಅಲ್ಲವ್ವನದು. ಮಮದಾಪುರದ ಆ ಮನೆಯಲ್ಲಿ ಗಂಡ ಹೆಂಡಿರ ನಡುವೆ ಇಷ್ಟು ವರ್ಷ ನಡೆದ ಜಗಳವೆಲ್ಲ ಈ ಎರಡು ಮಾತಿನೊಳಗೇ ಇತ್ತು. ನಸುಕಿನಲ್ಲಿ ಅಲ್ಲವ್ವ ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎತ್ತುವಷ್ಟರಲ್ಲಿ ಮಾಳಪ್ಪ ಗೇರು ಹಾಕಿರುತ್ತಿದ್ದ. ಅವಳು ಸೆರಗು ಸಾವರಿಸಿಕೊಂಡು, ಕಂಬಿ ಹಿಡಿದು, ಊರ ಅಗಸಿ ದಾಟುವವರೆಗೂ ಅವನನ್ನು ಬಯ್ಯುತ್ತ ಹೋಗುತ್ತಿದ್ದಳು. ಅವನು ಒಂದು ದಿನವೂ ಕಾದವನಲ್ಲ, ಇವಳು ಒಂದು ದಿನವೂ ಬಯ್ಯದೆ ಬಿಟ್ಟವಳಲ್ಲ.

"ಒಂದ ಗಳಿಗಿ ತಡದ್ರ ನಿಮ್ಮ ಗಂಟೇನ ಹೋಗತೈತಿ?"

"ಜೀಪಿಗಿ ಗೊತ್ತೈತಿ ಎಷ್ಟೊತ್ತಿಗಿ ಹೊಂಡಬೇಕಂತ. ನೀ ಜಲ್ದಿ ಹತ್ತು."

ಅದು ಹಳೇ ಕಾಲದ ಜೀಪು, ನಾಲ್ಕೂ ಗಾಲಿ ಎಳೆಯುವಂಥದು. ಕಾಲುವೆಗೆ ನೀರು ಬಿಟ್ಟಾಗ ತೋಟಪಟ್ಟಿಯ ಕರಿಮಣ್ಣಿನ ದಾರಿ ನಾದಿದ ಹಿಟ್ಟಿನಂತಾಗುತ್ತದೆ. ಬೇರೆ ಗಾಡಿಗಳು ಅಲ್ಲಿ ಹೂತು ಕೂತರೆ ಇದು ಗುರುಗುಟ್ಟುತ್ತ ದಾಟಿ ಹೋಗುತ್ತಿತ್ತು. ಆ ದಾರಿಯ ಎಡಕ್ಕೆ, ಕಬ್ಬಿನ ಹೊಲಗಳ ಅಂಚಿನಲ್ಲಿ, ತೋಟದ ಮನೆಗಳು ದೂರ ದೂರಕ್ಕೆ ಒಂದೊಂದಾಗಿ ಇವೆ. ಅಲ್ಲಿಯ ಹೆಂಗಸರು ಬದುವಿನಲ್ಲಿ ಬದನೆ, ಮೆಂತ್ಯ, ಹಸಿಮೆಣಸಿನಕಾಯಿ ಬೆಳೆದು, ಸಂಜೆ ಕಿತ್ತು, ಒದ್ದೆ ಗೋಣಿತಟ್ಟು ಮುಚ್ಚಿ ಒಳಗಿಡುತ್ತಿದ್ದರು. ನಸುಕಿನಲ್ಲಿ ಜೀಪು ಬರುವ ಹೊತ್ತಿಗೆ ಸರಿಯಾಗಿ ಬುಟ್ಟಿ ಹೊತ್ತು ದಾರಿಗೆ ಬರುತ್ತಿದ್ದರು. ಅಲ್ಲವ್ವ ಅದನ್ನೆಲ್ಲ ಗೋಕಾಕದ ಪೇಟೆಯಲ್ಲಿ ಸವಾಲಿಗೆ, ಎಂದರೆ ಹರಾಜಿಗೆ, ಹಾಕಿ, ತನ್ನ ಪಾಲು ಹಿಡಿದುಕೊಂಡು, ಉಳಿದ ರೊಕ್ಕವನ್ನು ಮಧ್ಯಾಹ್ನ ಅವರವರ ಕೈಗೆ ಮುಟ್ಟಿಸುತ್ತಿದ್ದಳು. ಗಂಡಸರ ಕಬ್ಬಿನ ಬಿಲ್ಲು ಬಂದಾಗ ಬಂತು. ಹೆಂಗಸರ ಈ ರೊಕ್ಕ ಮಾತ್ರ ದಿನವೂ ಬರುತ್ತಿತ್ತು, ಅದೂ ಅವರ ಸ್ವಂತ ಕೈಗೆ. ತನ್ನ ಹೊತ್ತಿಗೆ ಇಡೀ ತೋಟಪಟ್ಟಿಯೇ ಎದ್ದು ನಿಲ್ಲುತ್ತದೆ ಎಂಬ ಹೆಮ್ಮೆ ಅಲ್ಲವ್ವನಿಗೆ ಸ್ವಲ್ಪ ಹೆಚ್ಚೇ ಇತ್ತು.

ಆ ದಾರಿಯಲ್ಲಿ ಹಾರ್ನ್ ಹೊಡೆಯುವಂತಿರಲಿಲ್ಲ. ಹಿಂದೊಮ್ಮೆ ಮಾಳಪ್ಪ ಕರೆವ್ವ ಎಂಬುವಳ ಮನೆ ಮುಂದೆ ಜೋರಾಗಿ ಹಾರ್ನ್ ಒತ್ತಿದಾಗ, ಹಾಲು ಕೊಡುತ್ತಿದ್ದ ಅವಳ ಎಮ್ಮೆ ಬೆದರಿ, ಚರಿಗೆ ಒದ್ದು, ಹಗ್ಗ ಕಿತ್ತುಕೊಂಡು ಬಂದು ಜೀಪಿನ ಎಡಗಡೆಯ ದೀಪಕ್ಕೇ ಗುದ್ದಿತ್ತು. ಅಂದಿನಿಂದ ಮಾಳಪ್ಪ ತೋಟಪಟ್ಟಿಯಲ್ಲಿ ಹಾರ್ನ್ ಮುಟ್ಟಲಿಲ್ಲ. ಆ ದೀಪವೂ ಅಂದಿನಿಂದ ರಸ್ತೆ ನೋಡುವುದನ್ನು ಬಿಟ್ಟು ಓರೆಯಾಗಿ ಹೊಲ, ಮನೆ, ಗಿಡದ ತುದಿ ನೋಡತೊಡಗಿತು. ಮನೆಯವರು ಅದಕ್ಕೆ ಮೆಳ್ಳಗಣ್ಣು ಎಂದು ಹೆಸರಿಟ್ಟು ನಕ್ಕು ಸುಮ್ಮನಾದರು. ಬಲಗಡೆಯ ಹ್ಯಾಲೋಜನ್ ಬಲ್ಬೂ ಮಂಕಾಗಿ ಹಳದಿ ತಿರುಗಿತ್ತು. ಆ ದಾರಿ ತನಗೆ ಕಣ್ಣು ಮುಚ್ಚಿದರೂ ಗೊತ್ತು ಎನ್ನುತ್ತಿದ್ದ ಮಾಳಪ್ಪ.

ದಾರಿ ಗೊತ್ತಿತ್ತು, ಖರೆ. ದಾರಿಯ ಮೇಲೆ ಯಾರು ನಿಂತಿದ್ದಾರೆ ಎಂಬುದು ಗೊತ್ತಿರಲಿಲ್ಲ. ಕಬ್ಬಿನ ಹಂಗಾಮು ಶುರುವಾದ ಹೊಸದರಲ್ಲಿ, ಜೀಪು ಗೋಕಾಕ ರಸ್ತೆಗೆ ಹತ್ತಿದ ಸ್ವಲ್ಪ ಹೊತ್ತಿಗೆ, ಕಬ್ಬು ತುಂಬಿದ ಟ್ರೇಲರ್ ಒಂದು ಹಿಂದೆ ದೀಪವಿಲ್ಲದೆ ಕೆಟ್ಟು ನಿಂತಿತ್ತು. ಮಾಳಪ್ಪ ನೋಡಿದ್ದೇ ತಡವಾಗಿ. ಬ್ರೇಕಿನ ಮೇಲೆ ಎದ್ದು ನಿಂತ. ಬುಟ್ಟಿಗಳೆಲ್ಲ ಮುಂದಕ್ಕೆ ಉರುಳಿದವು. ಟ್ರೇಲರಿನ ಹಿಂದೆ ಚಾಚಿದ್ದ ಕಬ್ಬಿನ ತುದಿ ಎಡಗಡೆಯ ಗಾಜಿಗೆ, ಅಲ್ಲವ್ವನ ಮುಖದ ನೇರಕ್ಕೆ, ಟಕ್ಕೆಂದು ತಾಗಿ ನಿಂತಿತು.

ಅಲ್ಲವ್ವನಿಗೆ ಆವತ್ತು ಬಯ್ಯಲೂ ಬಾಯಿ ಬರಲಿಲ್ಲ. ಮಾಳಪ್ಪನಿಗೆ ಹೆದರಿಕೆಯಾದದ್ದು ಅದಕ್ಕೇ.

ಸಂಜೆ ರೊಟ್ಟಿಯ ಮುಂದೆ ಕೂತಾಗ ಅವಳ ಬಾಯಿ ಮರಳಿ ಬಂದಿತ್ತು. ಮಗ ಭೀಮಶಿ ಮೂಡಲಗಿಯ ಸೊಸೈಟಿಯಿಂದ ಆಗ ತಾನೇ ಬಂದು ಕೈಕಾಲು ತೊಳೆದಿದ್ದ. ಸೊಸೆ ಸರಿತಾ ಗೋಕಾಕದ ದವಾಖಾನೆಯಲ್ಲಿ ನರ್ಸು; ಸೀರೆ ಬದಲಿಸದೆ ಒಲೆ ಮುಂದೆ ಕೂತು ಎಣಗಾಯಿ ಬಡಿಸುತ್ತಿದ್ದಳು.

"ನಾಳಿಂದ ನಾ ಹಿಂದ ಬುಟ್ಟ್ಯಾಗ ಕುಂದರತೇನಿ," ಎಂದಳು ಅಲ್ಲವ್ವ. "ಮುಂದ ಕುಂತ ಸಾಯಾಕ ನಂಗೇನ ಅವಸರ ಇಲ್ಲ."

"ಏನೂ ಆಗಿಲ್ಲಲ್ಲ. ಬ್ರೇಕ ಹಿಡದ್ನಿಲ್ಲ?"

"ಮಾವಾರ, ಹಂಗ ಬ್ರೇಕ ಹಿಡದೋರನ್ನ ನಮ್ಮ ದವಾಖಾನಿಗಿ ತರತಾರ್ರಿ," ಎಂದಳು ಸರಿತಾ. "ಹಂಗಾಮಿನ್ಯಾಗ ಬರೋ ಕೇಸೆಲ್ಲಾ ಟ್ರೇಲರಿಗಿ ಹಿಂದಿಂದ ಹಾಯ್ದದ್ದ. ದೀಪ ಬದಲ ಮಾಡಸೂಣ್ರಿ. ಎಲ್‌ಇಡಿ ಬಲ್ಬ ಹಾಕಿದ್ರ ರಸ್ತೆ ಹಗಲ ಕಂಡಂಗ ಕಾಣತೈತಿ. ಹುಕ್ಕೇರ್ಯಾಗ ನಮ್ಮ ಸೂರಜ ಅಣ್ಣಂದ ಅಂಗಡಿನ ಐತಿ."

ಮಾಳಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಬೀಗರ ಅಂಗಡಿಗೆ ತನ್ನ ಜೀಪು ಹೋಗಿ ಕೈಕಟ್ಟಿ ನಿಲ್ಲುವುದೆಂದರೆ ಅವನಿಗೆ ಮೈಮೇಲೆ ಮುಳ್ಳು ಎದ್ದಂತಾಯಿತು.

"ಅದು ನಂದು ಜೀಪು. ಅದಕ್ಕ ಹ್ಯಾಲೋಜನ್ ಅಂತ ಕಂಪನಿಯವ ಹಾಕಿ ಕೊಟ್ಟಾನ. ಮಂದಿ ಮದವಿ ಮಂಟಪದ ಲೈಟ ತಂದ ಹಚ್ಚಾಕ ಆಗೂದಿಲ್ಲ."

"ಅಪ್ಪಾ, ಬಲ್ಬ ಅಷ್ಟ ಬದಲ ಮಾಡೂದು, ಜೀಪ ಬದಲ ಮಾಡಂತ ಯಾರ ಅಂದ್ರು?" ಎಂದ ಭೀಮಶಿ.

"ನೀ ಸುಮ್ನಿರು. ನಿನ್ನ ಮೋಟರ್‌ಸೈಕಲಕ್ಕ ಬೇಕಾರ ಹಚ್ಚಗೋ."

ಅಲ್ಲವ್ವ ಕೈ ತೊಳೆದು ಎದ್ದು, ದೇವರ ಜಗಲಿಯ ಡಬ್ಬಿಯಿಂದ ಕಾಯಿಪಲ್ಲೆಯ ರೊಕ್ಕ ತಂದು ಸೊಸೆಯ ಮಡಿಲಲ್ಲಿ ಹಾಕಿದಳು. "ಐತವಾರ ಹೋಗೂದು. ಇವ್ರು ಬರಲಿಲ್ಲಂದ್ರ ಭೀಮಶಿ ಹೊಡಕೊಂಡ ಬರತಾನ ಜೀಪು."

ಇನ್ನೊಬ್ಬ ತನ್ನ ಜೀಪು ನಡೆಸುವುದು ಬೀಗರ ಅಂಗಡಿಗಿಂತಲೂ ಕಷ್ಟದ ಮಾತು. ಭಾನುವಾರ ಮಾಳಪ್ಪನೇ ಎಲ್ಲರಿಗಿಂತ ಮೊದಲು ಸ್ಟೇರಿಂಗ್ ಹಿಡಿದು ಕೂತಿದ್ದ. ಅಲ್ಲವ್ವನ ಎರಡನೇ ಕಾಲು ಒಳಗೆ ಬರುವ ಮುಂಚೆಯೇ ಹೊರಟೂ ಬಿಟ್ಟ.

ಹುಕ್ಕೇರಿಯಲ್ಲಿ ಸೂರಜ ಚಹಾ ತರಿಸಿ, ಮಾಳಪ್ಪನ ಮುಖದ ಗಂಟು ನೋಡಿಯೂ ನೋಡದವನಂತೆ ಕೆಲಸಕ್ಕೆ ಕೂತ. ಹಳೇ ಬಲ್ಬು ಎರಡನ್ನೂ ಬಿಚ್ಚಿ ಮಾಳಪ್ಪನ ಕೈಗೆ ಕೊಟ್ಟ. ಸೊರಗಿದ ವೈರು ತೆಗೆದು, ಬ್ಯಾಟರಿಯಿಂದ ನೇರ ಬೇರೆ ವೈರು ಎಳೆದ. ಹೊಸ ಬಲ್ಬಿನ ಬೆಳಕಿನ ಚುಕ್ಕೆಗಳು ಎರಡೂ ಮಗ್ಗುಲಿಗೆ ಮುಖ ಮಾಡುವಂತೆ ತಿರುಗಿಸಿ ಕೂಡಿಸಿದ. ಕೊನೆಗೆ ಎಮ್ಮೆ ಗುದ್ದಿದ ಮೆಳ್ಳಗಣ್ಣಿನ ಪಟ್ಟಿಯನ್ನು ಬಡಿದು ನೆಟ್ಟಗೆ ಮಾಡಿದ. ಹೊತ್ತು ಮುಳುಗಿದ ಮೇಲೆ ಜೀಪನ್ನು ಗೋಡೆಗೆದುರು ನಿಲ್ಲಿಸಿ, ಸುಣ್ಣದ ಕಡ್ಡಿಯಿಂದ ಗೋಡೆಗೆ ಒಂದು ಅಡ್ಡಗೆರೆ ಎಳೆದು ದೀಪ ಹಚ್ಚಿದ. ಗೆರೆಯ ಕೆಳಗೆ ಬೆಳ್ಳಗೆ ಹಗಲು, ಮೇಲೆ ಕತ್ತಲು.

"ಇಷ್ಟ ಕೆಳಗ್ಯಾಕ?" ಎಂದ ಮಾಳಪ್ಪ.

"ಎದುರಿಗಿ ಬರೋರ ಕಣ್ಣಾಗ ಹೊಡಿಬಾರದ್ರಿ ಕಾಕಾ. ಹಳೇ ಗಾಡಿಗಿ ಎಲ್‌ಇಡಿ ಹಾಕಿ ಹಂಗ ಬಿಟ್ರ ನಿಮಗ ಚಲೋ, ಮಂದಿಗಿ ಕುರುಡು. ಬೆಳಕ ರಸ್ತೇದ ಮ್ಯಾಲ ಬೀಳಬೇಕು, ಮಂದಿ ಮನಿ ಮ್ಯಾಲ ಅಲ್ಲ."

ನೋಡಿಯೇ ಬಿಡೋಣ ಎಂದು ಹತ್ತರಗಿಯ ಹೆದ್ದಾರಿಯವರೆಗೆ ಹೋಗಿ ಬಂದರು. ರಸ್ತೆಯ ಬಿಳಿ ಪಟ್ಟಿ, ಬದಿಯ ಕಲ್ಲು, ದೂರದಲ್ಲಿ ನಡೆದು ಹೋಗುತ್ತಿದ್ದವನ ಚಪ್ಪಲಿ ಕೂಡ ಕಂಡಿತು. ಮಾಳಪ್ಪ ಹಾಡಿನ ಸಿಳ್ಳೆ ಹಾಕುತ್ತ ನಡೆಸಿದ. ಹಳೇ ಬಲ್ಬು ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಜೀಪಿನ ಡಬ್ಬಿಯಲ್ಲಿಟ್ಟ. ಅಲ್ಲವ್ವ ಗೆದ್ದವಳ ಗತ್ತಿನಲ್ಲಿ ಎಡಗಡೆಯ ಸೀಟಿನಲ್ಲಿ ಕೂತು ಬಂದಳು.

ಗತ್ತು ಮರುದಿನ ನಸುಕಿಗೇ ಇಳಿಯಿತು.

ಕಾಲುವೆಯ ದಾರಿ ಕನ್ನಡಿಯಂತೆ ಕಾಣುತ್ತಿತ್ತು. ಕರೆವ್ವನ ಮನೆ ಬಂತು. ದಾರಿಯಲ್ಲಿ ಕರೆವ್ವ ಇರಲಿಲ್ಲ. ಮುಂದಿನ ಮನೆಯ ಹತ್ತಿರವೂ ಯಾರೂ ಇಲ್ಲ. ಅಲ್ಲವ್ವ ಇಳಿದು ಕೂಗಿದಳು. ಆಚೆ ಹೊಲದಲ್ಲಿ ಕಬ್ಬು ಹೇರುತ್ತಿದ್ದ ಟ್ರ್ಯಾಕ್ಟರಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಹೊಲ ದಾಟಿ ಹೋಗಿ ಬಾಗಿಲು ಬಡಿಯಬೇಕಾಯಿತು, ನಾಯಿಗಳ ಹತ್ತಿರ ಬೈಸಿಕೊಳ್ಳಬೇಕಾಯಿತು. ಹೆಂಗಸರು ಕಣ್ಣು ತಿಕ್ಕುತ್ತ ಎದ್ದು, "ಅಯ್ಯ, ಬಂದ್ಯಾ? ಗೊತ್ತ ಆಗಲಿಲ್ಲಲ್ಲ" ಎಂದು ಬುಟ್ಟಿ ಹುಡುಕಿದರು. ಗೋಕಾಕ ಮುಟ್ಟುವಷ್ಟರಲ್ಲಿ ಸವಾಲು ಮುಗಿದು, ಮೆಂತ್ಯವನ್ನು ಕೇಳುವವರು ಇರಲಿಲ್ಲ.

ಎರಡನೇ ದಿನವೂ ಹಾಗೇ. ಮೂರನೇ ದಿನ ಮಾಳಪ್ಪ ರೋಸಿ ಹಾರ್ನ್ ಹೊಡೆದ. ಕರೆವ್ವನ ಎಮ್ಮೆಯ ನೆನಪು ಚೆನ್ನಾಗಿಯೇ ಇತ್ತು. ಹಾಲಿನ ಚರಿಗೆ ಮತ್ತೆ ಅಂಗಳದಲ್ಲಿ ಉರುಳಿತು. ಕರೆವ್ವನ ಬಾಯಿಗೆ ಹೆದರಿ ಮಾಳಪ್ಪ ಬುಟ್ಟಿಗೂ ಕಾಯದೆ ಜೀಪು ಓಡಿಸಿದ.

ಫೋನು ಮಾಡುವ ಉಪಾಯ ಭೀಮಶಿಯದು. "ಈಗಿನ ಕಾಲದಾಗ ಎಲ್ಲಾರ ಮನ್ಯಾಗೂ ಫೋನ ಅದಾವವ್ವಾ. ಜೀಪ ಹತ್ತೂ ಮುಂದ ಒಂದೊಂದ ಮಿಸ್ ಕಾಲ್ ಕೊಟ್ಟ ಬಿಡು."

ಮನೆಯಲ್ಲಿ ಫೋನು ಇದ್ದವು, ಆದರೆ ಗಂಡಂದಿರ ದಿಂಬಿನ ಕೆಳಗೆ. ತೋಟಪಟ್ಟಿಯ ಕೊನೆಯ ಮನೆ ರಾಯವ್ವನದು. ಅವಳ ಗಂಡ ಲಗಮಣ್ಣ ಕಬ್ಬಿಗೆ ನೀರು ಹಾಯಿಸಿ ಬಂದು ಆಗಷ್ಟೇ ಮಲಗಿದ್ದ. ಫೋನು ಎತ್ತಿದವನೇ, "ಯಾರ ಸತ್ತಾರ?" ಎಂದ. ಬದನೆಕಾಯಿ ಎಂದು ತಿಳಿದ ಮೇಲೆ ಅವನ ಬಾಯಿಂದ ಬಂದದ್ದನ್ನು ಬರೆಯುವಂತಿಲ್ಲ. ಮರುದಿನ ರಾಯವ್ವ ಮುಖ ಕೊಡದೆ ಹೇಳಿದಳು: "ಅಕ್ಕಾ, ನಾಳಿಂದ ನಮ್ಮ ಬುಟ್ಟಿ ಕೇದಾರಿ ಟೆಂಪೋಕ್ಕ ಹಾಕತೇವಿ. ನಮ್ಮನ್ಯಾವ್ರು ಹಂಗಂದಾರ."

ಕೇದಾರಿ ಮೂಡಲಗಿ ಕಡೆಯವನು. ಹೊತ್ತೇರಿದ ಮೇಲೆ ಡಾಂಬರು ರಸ್ತೆಯಲ್ಲಿ ಟೆಂಪೋ ನಿಲ್ಲಿಸಿ, ಬುಟ್ಟಿ ಅಲ್ಲಿಯವರೆಗೆ ಹೊತ್ತು ತಂದವರಿಂದ ತನಗೆ ತಿಳಿದ ದರಕ್ಕೆ ಕೊಳ್ಳುತ್ತಿದ್ದ. ರಾಯವ್ವ ಹೋದಳೆಂದರೆ ಅವಳ ಹಿಂದೆ ಒಬ್ಬೊಬ್ಬರೇ ಹೋಗುತ್ತಾರೆ. ಜೀಪು ಖಾಲಿಯಾಗುತ್ತದೆ, ತಾನು ಮನೆಯಲ್ಲಿ ಕೂರಬೇಕಾಗುತ್ತದೆ. ಇಷ್ಟು ವರ್ಷ ಯಾರ ಮುಂದೆಯೂ ಕೈಚಾಚದೆ ಬದುಕಿದವಳು ಇನ್ನು ರೊಕ್ಕಕ್ಕೆ ಗಂಡನನ್ನು ಕೇಳಬೇಕು.

ಆ ರಾತ್ರಿಯ ಊಟಕ್ಕೆ ಮಾರದೆ ಉಳಿದ ಬದನೆಕಾಯಿಯ ಪಲ್ಯವೇ. ನಾಲ್ಕು ದಿನದಿಂದ ಅದೇ.

"ಬೆಳಕ ಹೆಚ್ಚಾತು, ಬುಟ್ಟಿ ಕಡಿಮ್ಯಾದ್ವು," ಎಂದ ಮಾಳಪ್ಪ, ಮೀಸೆಯಲ್ಲೇ ನಗುತ್ತ. "ನನ್ನ ಹಳೇ ಬಲ್ಬ ಇನ್ನೂ ಅದಾವ ನೋಡು, ಡಬ್ಬ್ಯಾಗ."

"ಮಾವಾರ, ದೀಪಕ್ಕೂ ಬುಟ್ಟಿಗೂ ಏನ ಸಂಬಂಧರಿ?" ಸರಿತಾಳಿಗೆ ಸಿಟ್ಟು ಬಂದಿತ್ತು. "ನಮ್ಮಣ್ಣ ಹಾಕಿದ್ದಕ್ಕ ಹಿಂಗಾತು ಅಂತೀರೇನು?"

"ನಾ ಯಾರ ಹೆಸರೂ ತಗೊಂಡಿಲ್ಲವ್ವಾ."

"ತಗೋರಿ ಬೇಕಾದ್ರ! ನಿನ್ನೆ ನಡುರಸ್ತ್ಯಾಗ ಎತ್ತಿನಗಾಡಿ ಇತ್ತಂತ ಅತ್ತ್ಯಾರ ಹೇಳಿದ್ರು. ದೂರಿಂದನ ಕಂಡಿಲ್ಲೇನ ನಿಮಗ?"

ಮಾಳಪ್ಪ ಪಲ್ಯದ ಕಡೆ ತಲೆ ಬಗ್ಗಿಸಿದ. ಕಂಡಿತ್ತು.

"ಇಬ್ಬರೂ ಬಾಯಿ ಮುಚ್ಚರಿ," ಎಂದಳು ಅಲ್ಲವ್ವ. "ನನ್ನ ಮಂದಿ ಯಾಕ ಏಳವಲ್ರು ಅನ್ನೂದು ಅವರನ್ನ ಕೇಳಿದ್ರ ಗೊತ್ತಾಗತೈತಿ, ನಿಮ್ಮನ್ನ ಕೇಳಿದ್ರಲ್ಲ."

ಮರುದಿನ ಮಧ್ಯಾಹ್ನ ಅವಳು ಕಾಲ್ನಡಿಗೆಯಲ್ಲಿ ಕರೆವ್ವನ ಮನೆಗೆ ಹೋದಳು. ಎಮ್ಮೆ ಇವಳನ್ನು ನೋಡಿ ಮುಖ ತಿರುಗಿಸಿತು. ಕರೆವ್ವ ಮಾತ್ರ ಸಿಟ್ಟು ಮರೆತು, ಚಹಾಕ್ಕಿಟ್ಟು, ಚುರಮುರಿ ಹಚ್ಚಿ ಕೊಟ್ಟಳು.

"ಕರೆವ್ವಾ, ಖರೆ ಹೇಳು. ಮೊದಲ ನಾ ಬರೂದ್ರಾಗ ದಾರ್ಯಾಗ ಇರತಿದ್ದಿ. ಈಗ ಯಾಕ ಏಳವಲ್ಲಿ?"

"ಅಕ್ಕಾ, ನಿಮ್ಮ ಜೀಪಿನ ಬೆಳಕ ಬರವಲ್ದಲ್ಲ."

"ಬೆಳಕಾ? ಮೊದಲಿಗಿಂತ ಹತ್ತ ಪಟ್ಟ ಐತಿ!"

"ರಸ್ತ್ಯಾಗ ಇರಬೇಕ. ನಮ್ಮನ್ಯಾಗ ಬರವಲ್ದು." ಕರೆವ್ವ ಕಿಟಕಿ ತೋರಿಸಿದಳು, ಆಮೇಲೆ ಎದುರು ಗೋಡೆಯಲ್ಲಿದ್ದ ಬುದ್ಧನ ಫೋಟೋ ತೋರಿಸಿದಳು. "ನಿಮ್ಮ ಜೀಪು ಕೆನಾಲ ತಿರುವಿಗಿ ಬಂತಂದ್ರ ಹಳದಿ ಬೆಳಕ ಹಿಂಗ ಬಂದ ಆ ಫೋಟೋದ ಮ್ಯಾಲ ಬೀಳತಿತ್ತು. ಅಲ್ಲಿಂದ ಸರಕೋತ ಅಟ್ಟದ ಮ್ಯಾಲ ಹೋಗತಿತ್ತು. ಅದು ಅಟ್ಟ ಮುಟ್ಟೂದ್ರಾಗ ನಾ ಬುಟ್ಟಿ ಹೊತ್ತ ಬಾಗಲದಾಗ ಇರತಿದ್ನಿ. ಟ್ರ್ಯಾಕ್ಟರ ಸದ್ದನ್ಯಾಗ ಜೀಪಿನ ಸದ್ದ ಯಾರಿಗಿ ಕೇಳತೈತಿ?"

"ಎಲ್ಲಾರ ಮನ್ಯಾಗೂ ಹಂಗ ಏನ?"

"ಮತ್ತ? ರಾಯವ್ವನ ಮನ್ಯಾಗ ಅಡಗಿಮನಿ ಭಾಂಡೇದ ಮ್ಯಾಲ ಬೀಳತಿತ್ತಂತ. ನಾವೇನ ಗಡಿಯಾರ ನೋಡಿ ಬರತಿದ್ವಂತ ತಿಳಿದಿದ್ದೇನ?"

ಅಲ್ಲವ್ವ ಚಹಾದ ಬಟ್ಟಲು ಕೆಳಗಿಟ್ಟಳು. ತನ್ನ ಹೊತ್ತಿಗೆ, ತನ್ನ ಗತ್ತಿಗೆ ತೋಟಪಟ್ಟಿ ಏಳುತ್ತದೆ ಎಂದುಕೊಂಡಿದ್ದಳು. ಅದು ಏಳುತ್ತಿದ್ದುದು ಕರೆವ್ವನ ಎಮ್ಮೆಯ ಗುದ್ದಿಗೆ! ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಕರೆವ್ವನಿಗೆ ಏನೂ ತಿಳಿಯದಿದ್ದರೂ ಜೊತೆಗೆ ನಕ್ಕಳು.

ಸುದ್ದಿ ಕೇಳಿದ ಮಾಳಪ್ಪ ಕೂತಲ್ಲೇ ಮೀಸೆ ತಿರುವಿದ. "ಅದಕ್ಕ ಹೇಳಿದ್ನಿ. ನಾಳೆ ಮುಂಜಾನಿ ಸುತ್ತಗಿ ತಗೊಂಡ ಎಡಗಡೆ ದೀಪ ಮೊದಲಿನಂಗ ಬಗ್ಗಸತೇನಿ."

"ಆಗೂದಿಲ್ರಿ!" ಸರಿತಾ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ಇದು ಹಳೇ ಮಂಕ ಬಲ್ಬಲ್ಲ. ಈ ಬೆಳಕ ಓರೆ ಮಾಡಿದ್ರ ಎದುರಿಗಿ ಬರೋ ಮೋಟರ್‌ಸೈಕಲದವ ಸೀದಾ ಕಾಲುವ್ಯಾಗ ಬೀಳತಾನ. ನಿಮ್ಮ ಮಗಾನೂ ಅದ ದಾರ್ಯಾಗ ಬರತಾರ್ರಿ."

"ಹಂಗಾರ ಅತ್ತೀ ವ್ಯಾಪಾರ ಮುಳುಗಲಿ ಅಂತಿ?"

"ಮುಳುಗೂದಿಲ್ಲ," ಎಂದಳು ಅಲ್ಲವ್ವ. ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದಳು. "ಮುಂದಿನ ಎರಡೂ ದೀಪ ರಸ್ತೆ ನೋಡ್ಲಿ. ಮನಿ ನೋಡಾಕ ಒಂದ ಬ್ಯಾರೆ ದೀಪ ಹಾಕೂಣು. ಡಬ್ಬ್ಯಾಗಿನ ಹಳೇ ಬಲ್ಬ ಐತಲ್ಲ, ಅದ ಹಳದಿ ಬೆಳಕು. ನನ್ನ ಬಾಜೂಕ, ಎಡಗಡೆ ಕಂಬಿಗಿ ಹಾಕ್ರಿ. ಬೇಕಾದ ಕಡೆ ತಿರಗೂ ಹಂಗ."

ಭೀಮಶಿ ತಲೆಯಾಡಿಸಿದ. "ಸೂರಜನ ಅಂಗಡ್ಯಾಗ ಟ್ರ್ಯಾಕ್ಟರಿನ ಹಳೇ ದೀಪದ ಖಾಲಿ ಬುರುಡಿ ಬಿದ್ದಿರತಾವು. ಒಂದ ತರತೇನಿ."

"ಡಾಂಬರ ರಸ್ತೆಗಿ ಹತ್ತಿದ ಕೂಡ್ಲೆ ಆರಸಬೇಕ್ರಿ ಅತ್ತ್ಯಾರ," ಎಂದಳು ಸರಿತಾ. "ತೋಟಪಟ್ಟ್ಯಾಗ ಅಷ್ಟ. ಎದುರಿಗಿ ಯಾರರ ಬಂದ್ರೂ ಆರಸಬೇಕು."

"ಆರಸತೇನಿ. ಸ್ವಿಚ್ಚ ನನ್ನ ಕೈಯಾಗ ಇರತೈತಲ್ಲ."

ಮಾಳಪ್ಪನ ಕಿವಿ ನೆಟ್ಟಗಾಯಿತು. "ಸ್ವಿಚ್ಚ ನಿನ್ನ ಕೈಯಾಗ? ಜೀಪಿನ ಸ್ವಿಚ್ಚೆಲ್ಲಾ ಡ್ರೈವರ ಕಡೆ ಇರತಾವು."

"ರಸ್ತೇದು ನಿಮ್ಮ ಕಡೆ. ಮಂದೀದು ನನ್ನ ಕಡೆ."

"ಅದು ನಂದು ಜೀಪು!"

"ಬಲ್ಬೂ ನಿಮ್ಮದ ಐತಿ, ಡಬ್ಬ್ಯಾಗ ಇಟ್ಕೋರಿ. ನಾ ನಾಳಿಂದ ಕೇದಾರಿ ಟೆಂಪೋದಾಗ ಹೊಕ್ಕೇನಿ, ಅವಗೂ ಒಬ್ಬ ವ್ಯಾಪಾರದಾಕಿ ಬೇಕಾಗ್ಯಾಳು. ನೀವು ಖಾಲಿ ಜೀಪ ತಗೊಂಡ ರಸ್ತೆ ನೋಡ್ಕೋತ ಕುಂದರ್ರಿ."

ಅವಳು ಹೇಳಿದ್ದನ್ನು ಮಾಡುವವಳೆಂದು ಎಲ್ಲರಿಗೂ ಗೊತ್ತು, ಮಾಳಪ್ಪನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಅವನು ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಕರವಸ್ತ್ರದ ಗಂಟು ತಂದು ಸೊಸೆಯ ಮುಂದೆ ಇಟ್ಟ.

"ಗಾಜಿಗಿ ಬೆರಳ ಮುಟ್ಟಸಬ್ಯಾಡ. ಹ್ಯಾಲೋಜನ್ ಐತಿ, ಕಲೆ ಬಿದ್ರ ಸುಟ್ಟ ಹೋಗತೈತಿ," ಎಂದಷ್ಟೇ ಹೇಳಿದ.

ಎರಡು ದಿನ ಬಿಟ್ಟು, ಸಂಜೆ ಅಂಗಳದಲ್ಲಿ ಸರಿತಾ ವೈರು ಎಳೆದಳು, ಭೀಮಶಿ ಕಂಬಿಗೆ ಬುರುಡೆ ಬಿಗಿದ. ಮಾಳಪ್ಪ ದೂರ ನಿಂತು ಅದು ಹಾಗಲ್ಲ, ಹೀಗಲ್ಲ ಎನ್ನುತ್ತ, ಕೊನೆಗೆ ತಾನೇ ಪಾನಾ ಕಸಿದುಕೊಂಡು ನಟ್ಟು ಬಿಗಿದ. ಸ್ವಿಚ್ಚು ಎಡಗಡೆಯ ಸೀಟಿನ ಮುಂದೆ, ಅಲ್ಲವ್ವನ ಕೈಗೆ ಎಟುಕುವಂತೆ ಕೂತಿತು.

ಮರುದಿನ ನಸುಕಿನಲ್ಲಿ ಕಾಲುವೆಯ ತಿರುವಿಗೆ ಬಂದಾಗ ಅವಳು ಸ್ವಿಚ್ಚು ಒತ್ತಿದಳು. ಹಳದಿ ಬೆಳಕು ಹೊಲ ದಾಟಿ ಕರೆವ್ವನ ಕಿಟಕಿಯೊಳಗೆ ಹೋಯಿತು. ಅಲ್ಲವ್ವ ದೀಪವನ್ನು ಮೆಲ್ಲಗೆ ತಿರುಗಿಸಿದಳು: ಈಗ ಫೋಟೋ, ಈಗ ಅಟ್ಟ. ಬಾಗಿಲು ತೆರೆಯಿತು. ಕರೆವ್ವ ಬುಟ್ಟಿ ಹೊತ್ತು ನಿಂತಿದ್ದಳು, ಎಮ್ಮೆ ಸುಮ್ಮನೆ ಮೆಲುಕು ಹಾಕುತ್ತಿತ್ತು. ಮುಂದಿನ ಮನೆ, ಅದರ ಮುಂದಿನ ಮನೆ. ಬೆಳಕು ಹೋದಲ್ಲೆಲ್ಲ ಬಾಗಿಲು ತೆರೆದವು. ಜೀಪಿನ ಹಿಂಭಾಗ ತುಂಬುತ್ತ ಬಂತು.

ಕೊನೆಗೆ ರಾಯವ್ವನ ಮನೆ. ಮಾಳಪ್ಪ ಗಾಡಿ ನಿಧಾನ ಮಾಡಲಿಲ್ಲ.

"ನಿಲ್ಲಸ್ರಿ."

"ಆಕಿ ಕೇದಾರಿ ಗಿರಾಕಿ ಈಗ. ಸುಮ್ನ ಹೊತ್ತ ಹೋಗತೈತಿ."

"ನಿಲ್ಲಸ್ರಿ ಅಂದ್ನಿ."

ಜೀಪು ನಿಂತಿತು. ಅಲ್ಲವ್ವ ಅಡಿಗೆಮನೆಯ ಕಿಟಕಿಗೆ ಬೆಳಕು ಬಿಟ್ಟಳು. ಒಳಗೆ ಭಾಂಡೆಗಳು ಹೊಳೆದವು. ಬಾಗಿಲು ತೆರೆಯಲಿಲ್ಲ. ಮಾಳಪ್ಪ ಸ್ಟೇರಿಂಗಿನ ಮೇಲೆ ಬೆರಳು ಬಡಿದ. ಅಲ್ಲವ್ವ ದೀಪವನ್ನು ಕಿಟಕಿಯ ಮೇಲೇ ಹಿಡಿದಳು. ರಾಯವ್ವನೊಬ್ಬಳು ಬಂದರೆ ಉಳಿದವರು ಎಲ್ಲಿಗೂ ಹೋಗುವುದಿಲ್ಲ.

ಹಿತ್ತಲ ಕಡೆಯಿಂದ ರಾಯವ್ವ ಬಂದಳು. ತಲೆಯ ಮೇಲೊಂದು, ಸೊಂಟದ ಮೇಲೊಂದು ಬುಟ್ಟಿ.

"ನೋಡ್ಕೋತೇನ ಕುಂತಿ? ಹಿಡಿ ಒಂದ ಕಡೆ," ಎಂದಳು ಏದುಸಿರಿನಲ್ಲಿ. "ಡಾಂಬರ ರಸ್ತೆ ತನಕಾ ಹೊತ್ತ ನನ್ನ ಕುತಗಿ ಮುರದೈತಿ. ಆ ಕೇದಾರಿ ನಿನ್ನೆ ಬದನಿಕಾಯಿಗಿ ಕೊಟ್ಟದ್ದು ನೋಡಿ ನಮ್ಮನ್ಯಾವ್ರ ಬಾಯೂ ಬಂದ ಆಗೈತಿ."

ಅಲ್ಲವ್ವ ಇಳಿದಳು. ಇಬ್ಬರೂ ಸೇರಿ ಬುಟ್ಟಿ ಹಿಂದಕ್ಕೆ ಏರಿಸಿದರು. ಅವಳು ಬಂದು ಕಂಬಿ ಹಿಡಿದು, ಒಂದು ಕಾಲು ಒಳಗಿಟ್ಟು, ಎಂದಿನ ಜರ್ಕಿಗೆ ಮೈ ಬಿಗಿಮಾಡಿಕೊಂಡಳು. ಜೀಪು ಅಲುಗಲಿಲ್ಲ. ಎರಡನೇ ಕಾಲೂ ಒಳಗೆ ಬಂತು. ಕೂತಳು, ಸೆರಗು ಸರಿಮಾಡಿಕೊಂಡಳು, ಎಡಗಡೆಯ ದೀಪ ಆರಿಸಿದಳು. ಆಗಲೂ ಜೀಪು ನಿಂತೇ ಇತ್ತು. ಅವಳು ತಿರುಗಿ ನೋಡಿದಳು.

ಮಾಳಪ್ಪ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ.

"ಬಿಡಲೇನು?" ಎಂದ.

"ಬಿಡ್ರಿ," ಎಂದಳು ಅಲ್ಲವ್ವ.